ಬಾಕ್ಸ್ ಮೇಲೆ ಉಬುಂಟು ಅಂತಿದೆ, ಅಂಗಡಿಯವ್ರು ತೆಗೆಸಿಬಿಡಿ ಅಂತಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಮ್ಮದು ತಿಪಟೂರು. ಮಗಳು ಬಿ.ಕಾಂ ಮೊದಲ ವರ್ಷ. ಹೋದ ತಿಂಗಳು ಆನ್‌ಲೈನಲ್ಲಿ 23 ಸಾವಿರಕ್ಕೆ ಒಂದು ಲ್ಯಾಪ್‌ಟಾಪ್ ತಗೊಂಡ್ವಿ, 4 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ವಿಂಡೋಸ್ ಇರೋ ಅದೇ ಮಾಡೆಲ್ 5 ಸಾವಿರ ಜಾಸ್ತಿ ಇತ್ತು, ಒಳಗಿನ ಸಾಮಾನು ಒಂದೇ ಅಲ್ವಾ ಅಂತ ಕಮ್ಮಿ ಇರೋದನ್ನೇ ತಗೊಂಡೆ. ಆನ್ ಮಾಡಿದ್ರೆ ಉಬುಂಟು 20.04 ಅಂತ ಬರುತ್ತೆ. ವೈಫೈ ಹತ್ತು ನಿಮಿಷಕ್ಕೊಂದ್ ಸಲ ಕಟ್ ಆಗುತ್ತೆ. ಮಗಳಿಗೆ ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಬೇಕು, ನಮ್ಮ ಮನೆಯವ್ರು ಹೈಸ್ಕೂಲ್ ಟೀಚರ್, ಅವ್ರಿಗೆ ಪ್ರಶ್ನೆಪತ್ರಿಕೆ ಮಾಡೋಕೆ ಕನ್ನಡ ಟೈಪಿಂಗಿನ ನುಡಿ ಬೇಕು. ಇಲ್ಲಿ ಅಂಗಡಿಯವ್ರು 'ಅದು ಡಮ್ಮಿ ಸಾಫ್ಟ್‌ವೇರ್, ಕಂಪನಿಯವ್ರು ಸುಮ್ನೆ ಹಾಕಿರ್ತಾರೆ, 600 ರೂಪಾಯಿ ಕೊಡಿ ವಿಂಡೋಸ್ 10, ಆಫೀಸು, ನುಡಿ ಎಲ್ಲ ಹಾಕಿ ಕೊಡ್ತೀನಿ' ಅಂತಾರೆ. ನಾನು ಮೋಸ ಹೋದ್ನಾ? ಹಾಕ್ಸಿಬಿಡ್ಲಾ?

ಉತ್ತರ:

ಸರ್, ಮೊದಲು ಮನಸ್ಸಿಗೆ ಸಮಾಧಾನ ಮಾಡ್ಕೊಳ್ಳಿ, ನೀವು ಮೋಸ ಹೋಗಿಲ್ಲ. ಅದೇ ಪ್ರೊಸೆಸರ್, ಅದೇ ಸ್ಕ್ರೀನ್, ಅದೇ ಬ್ಯಾಟರಿ, ವಿಂಡೋಸ್ ಲೈಸೆನ್ಸಿನ ದುಡ್ಡು ಮಾತ್ರ ನೀವು ಕೊಟ್ಟಿಲ್ಲ, ಅಷ್ಟೇ ವ್ಯತ್ಯಾಸ. ವಿಂಡೋಸ್ ಬದಲು ಉಬುಂಟು ಇದೆ, ಅದು ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿನ ಒಂದು ರೂಪ. ಆದ್ರೆ ಇವತ್ತೇ ಅಂಗಡಿಗೆ ತಗೊಂಡ್ ಹೋಗಿ 600 ರೂಪಾಯಿ ಕೊಡ್ಬೇಡಿ, ಒಂದು ವಾರ ತಡೀರಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ನೀವು ಒಂದು ಪ್ರಶ್ನೆ ಅಂತ ಕೇಳಿರೋದ್ರಲ್ಲಿ ನಿಜವಾಗಿ ನಾಲ್ಕು ಸಮಸ್ಯೆ ಇದೆ. ವೈಫೈ ಬೇರೆ, ಟ್ಯಾಲಿ ಬೇರೆ, ನುಡಿ ಬೇರೆ, ಆ 600 ರೂಪಾಯಿ ವಿಂಡೋಸು ಬೇರೆ. ನಾಲ್ಕನ್ನೂ ಒಂದೇ ಗಂಟು ಕಟ್ಟಿ 'ಉಬುಂಟು ಸರಿಯಿಲ್ಲ' ಅಂದ್ಬಿಟ್ರೆ ಯಾವ್ದೂ ಸರಿಯಾಗಿ ಬಗೆಹರಿಯಲ್ಲ.

ಈ ಡಮ್ಮಿ ಅನ್ನೋ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮಲ್ಲಿ ಕಮ್ಮಿ ಬೆಲೆ ಲ್ಯಾಪ್‌ಟಾಪ್ ಬಾಕ್ಸ್ ಮೇಲೆ ಎಷ್ಟೋ ವರ್ಷದಿಂದ 'ಡಾಸ್' ಅಂತ ಬರೀತಾರೆ ನೋಡಿ, ಅದು ಫ್ರೀಡಾಸ್ ಅಂತ ಒಂದು ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ಪುಕ್ಕಟೆ ಬಳಸಿ ತಿದ್ದಬಹುದಾದ ಸಿಸ್ಟಮ್ಮು, 1994ರಲ್ಲಿ ಜಿಮ್ ಹಾಲ್ ಅನ್ನೋರು ಶುರು ಮಾಡಿದ್ದು, ವಿಂಡೋಸಿಗೆ ಮುಂಚೆ ಇದ್ದ ಹಳೇ ಎಂಎಸ್-ಡಾಸ್ ನಿಂತೋದ್ರೆ ಅದರ ಪ್ರೋಗ್ರಾಮ್‌ಗಳು ನಡೀತಾ ಇರ್ಲಿ ಅಂತ. ಅದು ಅದರ ಕೆಲಸಕ್ಕೆ ಒಳ್ಳೇದೇ, ಆದ್ರೆ ಅದರಲ್ಲಿ ಬ್ರೌಸರ್ ತೆಗೆದು ಕಾಲೇಜ್ ಪೋರ್ಟಲ್ ನೋಡೋಕಾಗಲ್ಲ, ವೈಫೈ ಇಲ್ಲ. ಒಬ್ರು ಯಜಮಾನ್ರು ಹೊಸ ಲ್ಯಾಪ್‌ಟಾಪ್ ಆನ್ ಮಾಡಿ ಕಪ್ಪು ಪರದೆ ಮೇಲೆ ಬರೀ 'ಸಿ' ಅಕ್ಷರ, ಪಕ್ಕದಲ್ಲಿ ಒಂದು ಗೆರೆ ಮಿಣುಕ್ತಾ ಇರೋದು ನೋಡಿ ಕೆಟ್ಟೋಗಿದೆ ಅಂತ ಬಸ್ಸಲ್ಲಿ 40 ಕಿಲೋಮೀಟರ್ ಹೊತ್ಕೊಂಡು ನನ್ನ ಹತ್ರ ಬಂದಿದ್ರು. ಅದನ್ನ ಡಮ್ಮಿ ಅಂದ್ರೆ ಒಪ್ತೀನಿ, ಅಲ್ಲಿ ಮಾರೋರಿಗೂ ಗೊತ್ತಿರುತ್ತೆ ತಗೊಂಡೋರು ಬೇರೆ ಏನಾದ್ರೂ ಹಾಕ್ಕೊಳ್ತಾರೆ ಅಂತ. ಆದ್ರೆ ಉಬುಂಟು ಆ ಜಾತಿದಲ್ಲ. 2004ರಿಂದ ಬರ್ತಿರೋ ಪೂರ್ತಿ ಸಿಸ್ಟಮ್ಮು, ಬ್ಯಾಂಕು, ಸಂಶೋಧನಾ ಸಂಸ್ಥೆ, ಸರ್ವರ್ ಎಲ್ಲ ಕಡೆ ಇದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಕಂಪ್ಯೂಟರ್ ಲ್ಯಾಬಲ್ಲಿ ಎಷ್ಟೋ ವರ್ಷದಿಂದ ಲಿನಕ್ಸೇ, ಮಕ್ಕಳು ಪಾಠ ಪರೀಕ್ಷೆ ಎಲ್ಲ ಅದರಲ್ಲೇ ಮಾಡ್ತಾರೆ.

ಹಾಗಾದ್ರೆ ಕೊಂಡ ಲ್ಯಾಪ್‌ಟಾಪಲ್ಲಿ ಉಬುಂಟು ಯಾಕೆ ಇಷ್ಟು ಕಾಟ ಕೊಡುತ್ತೆ? ಇದರಲ್ಲಿ ಅಂಗಡಿಯವ್ರ ಮಾತಲ್ಲಿ ಅರ್ಧ ನಿಜ ಇದೆ. ಕಮ್ಮಿ ಬೆಲೆ ಮಾಡೆಲ್‌ಗಳಿಗೆ ಎಷ್ಟೋ ಸಲ ಹಳೇ ಆವೃತ್ತಿಯನ್ನ ಒಂದ್ಸಲ ಹಾಕಿ, ಆನ್ ಆಯ್ತಾ ನೋಡಿ ಪ್ಯಾಕ್ ಮಾಡಿರ್ತಾರೆ, ಆಮೇಲೆ ಅದನ್ನ ತಿರುಗಿ ನೋಡೋರು ಇರಲ್ಲ. ನಿಮ್ಮದೇ ನೋಡಿ, 20.04. ಉಬುಂಟು ನಂಬರಲ್ಲಿ ಮೊದಲಿನ ಎರಡಂಕಿ ವರ್ಷ, ಆಮೇಲಿನ ಎರಡಂಕಿ ತಿಂಗಳು, ಅಂದ್ರೆ ಇದು 2020ರ ಏಪ್ರಿಲ್‌ದು. ಇಂಥ ದೀರ್ಘಾವಧಿ ಆವೃತ್ತಿಗೆ ಮಾಮೂಲಿ ಅಪ್‌ಡೇಟ್ 5 ವರ್ಷ ಬರುತ್ತೆ, ಇದರದ್ದು 2025ರಲ್ಲೇ ಮುಗೀತು. ನಿಮ್ಮ ಲ್ಯಾಪ್‌ಟಾಪ್ ಹೊಸದು, ಅದರೊಳಗಿನ ವೈಫೈ ಚಿಪ್ಪು ಹೊಸದು, ಅದನ್ನ ನಡೆಸಬೇಕಾದ ಲಿನಕ್ಸ್ ಮಾತ್ರ ಆ ಚಿಪ್ಪು ಮಾರುಕಟ್ಟೆಗೆ ಬರೋಕೆ ಮುಂಚಿಂದು. ಕಟ್ ಆಗೋಕೆ ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಇದೇ ಕಾರಣ.

ಇದನ್ನ ಇವತ್ತೇ ಮನೆಯಲ್ಲೇ ನೋಡ್ಬಹುದು. ನಿಮ್ಮ ಫೋನನ್ನ ಚಾರ್ಜರ್ ವೈರಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿ, ಫೋನ್ ಸೆಟ್ಟಿಂಗಲ್ಲಿ ಹಾಟ್‌ಸ್ಪಾಟ್ ಇರೋ ಜಾಗದಲ್ಲೇ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತೆ, ಆನ್ ಮಾಡಿ. ವೈಫೈ ಡ್ರೈವರ್, ಅಂದ್ರೆ ಆ ಚಿಪ್ಪನ್ನ ನಡೆಸೋ ಪ್ರೋಗ್ರಾಮು, ಇಲ್ದೇ ಹೋದ್ರೂ ಇದು ನಡೆಯುತ್ತೆ, ಲ್ಯಾಪ್‌ಟಾಪ್ ಅದನ್ನ ವೈರಿನ ಇಂಟರ್ನೆಟ್ ಅಂತ ತಿಳ್ಕೊಳ್ಳುತ್ತೆ. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟರ್ ಓಡಿಸಿ, ಅದು ಮುಗಿದ ಮೇಲೆ ಅಡಿಷನಲ್ ಡ್ರೈವರ್ಸ್ ಅನ್ನೋದನ್ನ ತೆಗೆದು ವೈಫೈಗೆ ಏನಾದ್ರೂ ತೋರಿಸ್ತಿದ್ಯಾ ನೋಡಿ. ಡೇಟಾ ಸ್ವಲ್ಪ ಹೋಗುತ್ತೆ, ಒಂದೆರಡು ಜಿಬಿ ಅಂತ ಇಟ್ಕೊಳ್ಳಿ, ದಿನದ ಪ್ಯಾಕ್ ಇದ್ರೆ ರಾತ್ರಿ ಮಲಗೋ ಮುಂಚೆ ಉಳಿದಿರೋ ಡೇಟಾದಲ್ಲಿ ಮಾಡಿ.

ಅದರಲ್ಲೂ ಸರಿ ಹೋಗ್ಲಿಲ್ಲ ಅಂದ್ರೆ ಹೊಸ ಆವೃತ್ತಿ ಹಾಕೋದೇ ದಾರಿ, ಮತ್ತೆ ನಿಮ್ಮ ಕೇಸಲ್ಲಿ ಸರಿ ಹೋದ್ರೂ ಅದನ್ನ ಮಾಡ್ಲೇಬೇಕು, ಸೆಕ್ಯುರಿಟಿ ಅಪ್‌ಡೇಟ್ ನಿಂತಿರೋ ಸಿಸ್ಟಮ್ಮಲ್ಲಿ ಮಗಳು ಬ್ಯಾಂಕ್ ಲಾಗಿನ್ ಮಾಡೋದು ಬೇಡ. ಉಬುಂಟು 24.04 ಇದೆ, 2029ರವರೆಗೆ ಅಪ್‌ಡೇಟ್ ಬರುತ್ತೆ. ಆದ್ರೆ 4 ಜಿಬಿ ರ‍್ಯಾಮಿಗೆ ನಾನು ಉಬುಂಟು ಹಾಕಲ್ಲ, ಅದರ ಡೆಸ್ಕ್‌ಟಾಪ್ ಭಾರ, ನಾಲ್ಕು ಕ್ರೋಮ್ ಟ್ಯಾಬ್ ತೆಗೆದ್ರೆ ಮಷೀನು ಏದುಸಿರು ಬಿಡುತ್ತೆ. ಅದರ ಮೇಲೇ ಕಟ್ಟಿರೋ ಲಿನಕ್ಸ್ ಮಿಂಟ್ 22, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ರೂಪ, ಅದನ್ನ ಹಾಕಿ. ಕೆಳಗೆ ಎಡಗಡೆ ಮೆನು, ಪಕ್ಕದಲ್ಲಿ ಫೈಲು, ಬಲಗಡೆ ಗಡಿಯಾರ, ಹಳೇ ವಿಂಡೋಸ್ 7 ನೋಡಿದೋರಿಗೆ ಕೈ ತಾನಾಗೇ ಹೋಗುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದೇನಂದ್ರೆ ಹಾಕೋಕೆ ಮುಂಚೆನೇ ಪೆನ್‌ಡ್ರೈವಿಂದ ಓಡಿಸಿ ನೋಡ್ಬಹುದು, ಲ್ಯಾಪ್‌ಟಾಪ್ ಒಳಗೆ ಏನೂ ಮುಟ್ಟಲ್ಲ. ಪೆನ್‌ಡ್ರೈವಿಂದ ಬೂಟ್ ಮಾಡಿ, ಅಂದ್ರೆ ಅದರಲ್ಲಿರೋ ಸಿಸ್ಟಮ್ಮಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ, ಅರ್ಧ ಗಂಟೆ ಯೂಟ್ಯೂಬ್ ಓಡಿಸಿ, ವೈಫೈ ನಿಲ್ತಾ, ಸೌಂಡ್ ಬಂತಾ, ಕ್ಯಾಮೆರಾ ಬಂತಾ, ಮುಚ್ಚಿ ತೆಗೆದ್ರೆ ಎದ್ದೇಳುತ್ತಾ ನೋಡಿ. ಎಲ್ಲ ಸರಿ ಇದ್ರೆ ಮಾತ್ರ ಇನ್‌ಸ್ಟಾಲ್ ಒತ್ತಿ. ಒಳಗಿರೋ ಫೋಟೋ, ನೋಟ್ಸು ಅದಕ್ಕೆ ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ, ಇದನ್ನ ಮರೆತು ಅತ್ತೋರನ್ನ ನಾನು ನೋಡಿದೀನಿ.

ಈಗ ಆ 600 ರೂಪಾಯಿ ವಿಂಡೋಸ್ ವಿಷಯ. ಆ ದುಡ್ಡು ಅಂಗಡಿಯವ್ರ ಕೆಲಸದ ಕೂಲಿ, ಅದರಲ್ಲಿ ಲೈಸೆನ್ಸು ಬರಲ್ಲ. ಹಾಕಾದ ಮೇಲೆ ಆ್ಯಕ್ಟಿವೇಟರ್ ಅಂತ, ಲೈಸೆನ್ಸ್ ಇದೆ ಅಂತ ವಿಂಡೋಸನ್ನ ನಂಬಿಸೋ ಒಂದು ಚಿಕ್ಕ ಪ್ರೋಗ್ರಾಮ್ ಓಡಿಸ್ತಾರೆ, ಅದು ಓಡಬೇಕಾದ್ರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದೇ ಕೇಳುತ್ತೆ. ಯೋಚ್ನೆ ಮಾಡಿ, ಕಾವಲುಗಾರನ್ನ ಮನೆಗೆ ಕಳಿಸಿ ಯಾರೋ ಗುರುತಿಲ್ಲದೋರ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಅಂಗಡಿಯವ್ರಿಗೆ ಕೆಟ್ಟ ಉದ್ದೇಶ ಇರುತ್ತೆ ಅಂತ ನಾನು ಹೇಳ್ತಿಲ್ಲ, ಅವ್ರಿಗೂ ಅದರೊಳಗೆ ಏನಿದೆ ಅಂತ ಗೊತ್ತಿರಲ್ಲ. ಹೀಗೆ ಹಾಕ್ಸಿದ ಒಂದು ಲ್ಯಾಪ್‌ಟಾಪ್ ನನ್ನ ಹತ್ರ ಬಂದಿತ್ತು, ಡಿಗ್ರಿ ಓದೋ ಹುಡುಗಿದು. ಏನು ಹುಡುಕಿದ್ರೂ ಜೂಜಿನ ಸೈಟಿಗೆ ಹೋಗೋದು, ಪೆನ್‌ಡ್ರೈವ್ ಹಾಕಿದ್ರೆ ಅದರಲ್ಲಿರೋ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗ್ಬಿಡೋದು. ಅವಳ ಪ್ರಾಜೆಕ್ಟ್ ರಿಪೋರ್ಟ್ ಪೆನ್‌ಡ್ರೈವಲ್ಲಿತ್ತು, ಮಾರನೇ ದಿನ ಕೊಡಬೇಕು, ಅವಳಿಗೆ ಮಾತೇ ಬರ್ತಿರಲಿಲ್ಲ. ಅದೇ ಪೆನ್‌ಡ್ರೈವನ್ನ ನನ್ನ ಲಿನಕ್ಸ್ ಮಷೀನಿಗೆ ಚುಚ್ಚಿದೆ, ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಿಸ್ತು, ತೆಗೆದ್ರೆ ಅವಳ ಫೈಲೆಲ್ಲ ಹಾಗೇ ಒಳಗೆ ಕೂತಿದ್ವು. ಆ ವೈರಸ್ ಅಳಿಸಿರಲಿಲ್ಲ, ವಿಂಡೋಸಿನ ಕಣ್ಣಿಗೆ ಕಾಣದ ಹಾಗೆ ಬಚ್ಚಿಟ್ಟಿತ್ತು, ಅಷ್ಟೇ. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ತಗೊಂಡ್ ಹೋಗೋ ಮಕ್ಕಳಿರೋ ಮನೇಲಿ ಒಂದು ಲಿನಕ್ಸ್ ಮಷೀನು ಇದ್ರೆ ಎಷ್ಟು ಉಪಯೋಗ ಅಂತ ಅವತ್ತು ಅವ್ರಪ್ಪಂಗೂ ಅರ್ಥ ಆಯ್ತು.

ಹಾಗಂತ ಲಿನಕ್ಸಿಗೆ ವೈರಸ್ಸೇ ಬರಲ್ಲ ಅನ್ನೋದೂ ಸುಳ್ಳು, ಅದನ್ನ ನಂಬಿ ಮೈಮರೀಬೇಡಿ. ಸಾಫ್ಟ್‌ವೇರನ್ನ ಅದರದೇ ಸಾಫ್ಟ್‌ವೇರ್ ಮ್ಯಾನೇಜರಿಂದ ಮಾತ್ರ ಹಾಕ್ಕೊಳ್ತಿದ್ರೆ ಅಪಾಯ ತುಂಬಾ ಕಮ್ಮಿ, ಯಾರೋ ವಿಡಿಯೋದಲ್ಲಿ ಹೇಳಿದ ಕಮಾಂಡ್ ಅಂಟಿಸಿ ಪಾಸ್‌ವರ್ಡ್ ಕೊಟ್ರೆ ಇಲ್ಲೂ ಕಷ್ಟವೇ. ಕೆವೈಸಿ ಮಾಡ್ಸಿ ಅಂತ ಬರೋ ಮೋಸದ ಲಿಂಕಿಗೆ ಯಾವ ಸಿಸ್ಟಮ್ಮೂ ಒಂದೇ.

ಇನ್ನು ಕಾನೂನು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ನಲ್ಲಿ, ಗೊತ್ತಿದ್ದೂ ಕಳ್ಳಪ್ರತಿ ಸಾಫ್ಟ್‌ವೇರ್ ಬಳಸೋದಕ್ಕೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ. ವ್ಯಾಪಾರಕ್ಕಲ್ಲದೆ ಬಳಸಿದ್ರೆ ಜೈಲು ಬೇಡ ಅನ್ನೋ ಅವಕಾಶ ಕೋರ್ಟಿಗಿದೆ. ಮನೆ ಬಾಗಿಲಿಗೆ ಪೊಲೀಸ್ ಬರ್ತಾರೆ ಅಂತ ಹೆದರಿಸೋಕೆ ಇದನ್ನ ಹೇಳ್ತಿಲ್ಲ, ಆದ್ರೆ ಮಗಳು ಮುಂದೆ ಯಾರದಾದ್ರೂ ಲೆಕ್ಕ ಬರೆಯೋ ಕೆಲಸ ಇದೇ ಲ್ಯಾಪ್‌ಟಾಪಲ್ಲಿ ಶುರು ಮಾಡಿದ್ರೆ ಆಗ ಅದು ವ್ಯಾಪಾರ, ಆ ಮಾತು ತಲೇಲಿರಲಿ. ಆನ್‌ಲೈನಲ್ಲಿ 400-500 ರೂಪಾಯಿಗೆ ಸಿಗೋ ವಿಂಡೋಸ್ ಕೀ, ಅಂದ್ರೆ ಲೈಸೆನ್ಸ್ ನಂಬರ್ ಬಗ್ಗೆಯೂ ಕೇಳ್ತಾರೆ ಜನ. ಅವು ಹೆಚ್ಚಿನವು ಯಾವ್ದೋ ಸಂಸ್ಥೆಗೆ ಅಂತ ಕೊಟ್ಟ ಕೀಗಳು, ಇವತ್ತು ನಡೆಯುತ್ತೆ, ನಾಳೆ ಬ್ಲಾಕ್ ಆದ್ರೆ ಮಾರಿದೋನು ಸಿಗಲ್ಲ.

ಇನ್ನೊಂದು, ಅವ್ರು ಹಾಕ್ತೀನಿ ಅಂತಿರೋದು ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅಂದ್ರೆ ಒಂದು ಹಳೇದನ್ನ ತೆಗೆದು ಇನ್ನೊಂದು ಹಳೇದು ಹಾಕಿಸ್ಕೊಳ್ಳೋಕೆ ನೀವು ದುಡ್ಡು ಕೊಡ್ತಿದೀರಿ. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಅಂತ ಮೈಕ್ರೋಸಾಫ್ಟೇ ಹೇಳುತ್ತೆ, ಕನಿಷ್ಠ ಅಂದ್ರೆ ಆನ್ ಆಗುತ್ತೆ ಅಂತ ಅರ್ಥ, ಆರಾಮಾಗಿ ಕೆಲಸ ಮಾಡ್ಬಹುದು ಅಂತ ಅಲ್ಲ. ಹಾಗಾಗಿ ಏನೇ ಹಾಕಿ, ಮೊದಲ ಖರ್ಚು ರ‍್ಯಾಮಿಗೆ ಮಾಡಿ, 4 ಇರೋದನ್ನ 8 ಮಾಡಿಸಿ. ತಗೊಳ್ಳೋ ಮುಂಚೆ ನಿಮ್ಮ ಮಾಡೆಲ್ಲಲ್ಲಿ ಖಾಲಿ ಸ್ಲಾಟ್ ಇದ್ಯಾ ಕೇಳಿ, ಕಮ್ಮಿ ಬೆಲೆಯವಲ್ಲಿ ಕೆಲವಕ್ಕೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಹೆಚ್ಚಿಸೋಕೆ ಆಗಲ್ಲ. ಎಸ್‌ಎಸ್‌ಡಿ ಇರೋದು ನಿಮ್ಮ ಪುಣ್ಯ, ಇದೇ ಬೆಲೆಗೆ 32 ಅಥವಾ 64 ಜಿಬಿ ಇಎಂಎಂಸಿ ಅನ್ನೋ ನಿಧಾನದ ಸ್ಟೋರೇಜ್ ಇರೋದನ್ನ ತಗೊಂಡು ಅದರಲ್ಲಿ ವಿಂಡೋಸ್ ಅಪ್‌ಡೇಟಿಗೂ ಜಾಗ ಇಲ್ಲದೆ ಒದ್ದಾಡೋರು ಬೇಕಾದಷ್ಟು ಜನ ಇದಾರೆ.

ನುಡಿ ವಿಷಯಕ್ಕೆ ಬರ್ತೀನಿ, ಮೇಡಂ ಅವ್ರಿಗೆ ಇದು ಓದಿ ಹೇಳಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿರೋದು, ಲಿನಕ್ಸಲ್ಲಿ ಅದನ್ನೇ ಹಾಕೋಕಾಗಲ್ಲ, ನಿಜ. ಆದ್ರೆ ಅವ್ರಿಗೆ ಬೇಕಿರೋದು ಬೆರಳಿಗೆ ಅಭ್ಯಾಸ ಆಗಿರೋ ಆ ಕೀಲಿಮಣೆ ತಾನೇ? ಅದು ಕೆ.ಪಿ. ರಾವ್ ಅವ್ರ ವಿನ್ಯಾಸ, ಅದು ಲಿನಕ್ಸಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಐಬಸ್ ಎಂ17ಎನ್ (ibus-m17n) ಅಂತ ಹುಡುಕಿ ಹಾಕಿ, ಒಂದ್ಸಲ ಲಾಗೌಟ್ ಆಗಿ ಬನ್ನಿ, ಮಿಂಟಲ್ಲಾದ್ರೆ ಇನ್‌ಪುಟ್ ಮೆಥಡ್ ಅನ್ನೋ ಕಡೆ ಐಬಸ್ ಆರಿಸಿ, ಅಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಸಿಗುತ್ತೆ. ಆಮೇಲೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ, 'ಕನ್ನಡ' ಅಂತ ಮೂಡುತ್ತೆ, ಒತ್ತಕ್ಷರಕ್ಕೆ ಅದೇ ಎಫ್ ಕೀ. ನಾನು ಇದನ್ನ ತೋರಿಸಿದಾಗೆಲ್ಲ ಟೀಚರ್‌ಗಳ ಮುಖ ಅರಳುತ್ತೆ, ಹೊಸದೇನೋ ಕಲೀಬೇಕು ಅಂತ ಹೆದರಿಕೊಂಡು ಕೂತಿರ್ತಾರೆ ಪಾಪ.

ಒಂದು ತೊಡಕು ಇದೆ, ಮುಚ್ಚಿಡಲ್ಲ. ಮೇಡಂ ಅವ್ರ ಹಳೇ ಪ್ರಶ್ನೆಪತ್ರಿಕೆ ಎಲ್ಲ ನುಡಿ 01 ಇ ಥರದ ಹಳೇ ಫಾಂಟಲ್ಲಿ ಇರ್ಬಹುದು. ಅವು ಯೂನಿಕೋಡ್, ಅಂದ್ರೆ ಯಾವ ಕಂಪ್ಯೂಟರಲ್ಲೂ ಕನ್ನಡ ಅಕ್ಷರ ಕನ್ನಡವಾಗೇ ಇರೋ ಪದ್ಧತಿ, ಅಲ್ಲ, ಒಳಗೆ ಇಂಗ್ಲಿಷ್ ಅಕ್ಷರವೇ ಇರುತ್ತೆ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ. ಲಿನಕ್ಸಲ್ಲಿ ತೆಗೆದ್ರೆ ತಲೆ ಮೇಲೆ ಗೆರೆ ಚುಕ್ಕಿ ಇರೋ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತೆ, ಫೈಲ್ ಹಾಳಾಯ್ತು ಅಂತ ಗಾಬರಿ ಆಗ್ತಾರೆ. ಹಾಳಾಗಿರಲ್ಲ. ಆ ಫಾಂಟ್ ಫೈಲನ್ನ ಹಳೇ ಕಂಪ್ಯೂಟರಿಂದ ಕಾಪಿ ಮಾಡ್ಕೊಂಡು ಇಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ರೆ ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸಲ್ಲಿ ಮೊದಲಿನ ಹಾಗೇ ಓದ್ಬಹುದು, ಪ್ರಿಂಟ್ ತೆಗೀಬಹುದು. ಆದ್ರೆ ಅದರಲ್ಲೇ ಹೊಸದಾಗಿ ಟೈಪ್ ಮಾಡೋದು ಆಗಲ್ಲ. ಅಂಥ ಫೈಲನ್ನ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳು ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಕನ್ನಡದವ್ರೇ ಬರೆದಿರೋವು, ಒಂದೊಂದಾಗಿ ಬದಲಾಯಿಸಿ ಇಟ್ಕೊಳ್ಳೋದು ಒಳ್ಳೇದು, ಅರ್ಕಾವೊತ್ತು ಇರೋ ಕಡೆ ಮಾತ್ರ ಒಂದ್ಸಲ ಕಣ್ಣಾಡಿಸಿ. ಅವ್ರ ಶಾಲೆಯಿಂದ 'ನುಡಿ ಫಾಂಟಲ್ಲೇ ಕಳಿಸಿ' ಅಂತ ಕೇಳ್ತಾರೆ ಅಂದ್ರೆ ಮೊದಲು ಯೂನಿಕೋಡ್ ನುಡಿ ನಡೆಯುತ್ತಾ ಕೇಳಿ, ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಕಳಿಸೋವಾಗ ಪಿಡಿಎಫ್ ಮಾಡಿ ಕಳಿಸಿದ್ರೆ ಯಾವ ಕಡೆ ತೆಗೆದ್ರೂ ಒಂದೇ ಥರ ಕಾಣುತ್ತೆ.

ಟ್ಯಾಲಿ ವಿಷಯದಲ್ಲಿ ಮಾತ್ರ ನಾನು ನಿಮಗೆ ಸಿಹಿ ಮಾತು ಹೇಳಲ್ಲ. ಟ್ಯಾಲಿ ಪ್ರೈಮ್ ವಿಂಡೋಸಿಗೆ ಅಂತಲೇ ಇರೋ ಸಾಫ್ಟ್‌ವೇರು. ವಿಂಡೋಸ್ ಪ್ರೋಗ್ರಾಮನ್ನ ಲಿನಕ್ಸಲ್ಲಿ ನಡೆಸೋ ವೈನ್ ಅನ್ನೋ ಸಾಫ್ಟ್‌ವೇರ್ ಮೂಲಕ ಇದನ್ನ ಓಡಿಸೋ ಪ್ರಯತ್ನ ಮಾಡೋರು ಇದಾರೆ, ನಾನೂ ಮಾಡಿ ನೋಡಿದೀನಿ, ಒಂದು ಸಲ ನಡೆಯುತ್ತೆ, ಅಪ್‌ಡೇಟ್ ಆದ ಮೇಲೆ ನಿಲ್ಲುತ್ತೆ, ಪ್ರಿಂಟಲ್ಲಿ ತಕರಾರು ಮಾಡುತ್ತೆ. ಪರೀಕ್ಷೆ ಹಿಂದಿನ ದಿನ ಮಗಳು ಅದರ ಜೊತೆ ಗುದ್ದಾಡೋದು ಬೇಡ. ನ್ಯೂಕ್ಯಾಶ್ ಅಂತ ಓಪನ್ ಸೋರ್ಸ್ ಲೆಕ್ಕದ ಸಾಫ್ಟ್‌ವೇರ್ ಇದೆ, ಡೆಬಿಟ್ ಕ್ರೆಡಿಟ್ ಅರ್ಥ ಮಾಡ್ಕೊಳ್ಳೋಕೆ ಚೆನ್ನಾಗಿದೆ, ಆದ್ರೆ ಕಾಲೇಜಲ್ಲಿ ಕೇಳೋದು ಟ್ಯಾಲಿ, ಕೆಲಸಕ್ಕೆ ಹೋದ್ರೆ ಕೇಳೋದೂ ಟ್ಯಾಲಿ.

ಹಾಗಾದ್ರೆ ದಾರಿ? ಮೊದಲು ಮಗಳನ್ನ ಕೇಳಿ, ಟ್ಯಾಲಿ ಯಾವ ಸೆಮಿಸ್ಟರಿಗೆ ಬರುತ್ತೆ, ಕಾಲೇಜ್ ಲ್ಯಾಬಲ್ಲಿ ಎಷ್ಟು ಗಂಟೆ ಸಿಗುತ್ತೆ ಅಂತ. ತುಂಬಾ ಮಕ್ಕಳಿಗೆ ಅದು ಒಂದು ಪೇಪರು, ಲ್ಯಾಬಲ್ಲೇ ಸಾಕಾಗುತ್ತೆ, ಅದಕ್ಕೋಸ್ಕರ ಇಡೀ ಲ್ಯಾಪ್‌ಟಾಪ್ ಬದಲಾಯಿಸ್ಬೇಕಿಲ್ಲ. ಮನೇಲೂ ದಿನಾ ಅಭ್ಯಾಸ ಬೇಕೇ ಬೇಕು ಅಂದ್ರೆ ರ‍್ಯಾಮ್ 8 ಮಾಡಿಸಿ, ನಿಜವಾದ ವಿಂಡೋಸ್ 11 ಲೈಸೆನ್ಸ್ ತಗೊಂಡು ಎರಡನ್ನೂ ಒಂದೇ ಲ್ಯಾಪ್‌ಟಾಪಲ್ಲಿ ಇಟ್ಕೊಳ್ಳಿ, ಆನ್ ಮಾಡಿದಾಗ ಯಾವ್ದು ಬೇಕು ಅಂತ ಕೇಳುತ್ತೆ. ಲೈಸೆನ್ಸ್ ಬಿಡಿಯಾಗಿ ತಗೊಂಡ್ರೆ ನೀವು ಉಳಿಸಿದ 5 ಸಾವಿರಕ್ಕಿಂತ ಜಾಸ್ತಿನೇ ಆಗುತ್ತೆ, ಅದು ಬೇಜಾರಿನ ಮಾತೇ, ಟ್ಯಾಲಿ ಬೇಕು ಅಂತ ಮೊದಲೇ ಗೊತ್ತಿದ್ದೋರಿಗೆ ನಾನು ವಿಂಡೋಸ್ ಇರೋ ಮಾಡೆಲ್ಲೇ ತಗೊಳ್ಳಿ ಅಂತ ಹೇಳೋದು ಇದಕ್ಕೇ. ಟ್ಯಾಲಿಗೆ ಮಾತ್ರ ದುಡ್ಡು ಕೊಡ್ಬೇಕಿಲ್ಲ, ಅದರಲ್ಲೇ ಎಜುಕೇಶನಲ್ ಮೋಡ್ ಅಂತ ಪುಕ್ಕಟೆ ಇದೆ, ತಿಂಗಳ 1, 2 ಮತ್ತೆ ಕೊನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕೋಕೆ ಬಿಡುತ್ತೆ, ಕಲಿಯೋಕೆ ಅದು ಸಾಕು.

ಎರಡೂ ಇಟ್ಕೊಳ್ಳೋದಾದ್ರೆ ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ, ಉಲ್ಟಾ ಮಾಡಿದ್ರೆ ವಿಂಡೋಸ್ ಬಂದು ಬೂಟ್ ಜಾಗ ತನ್ನ ಹೆಸರಿಗೆ ಮಾಡ್ಕೊಂಡು ಲಿನಕ್ಸ್ ಕಾಣದ ಹಾಗೆ ಮಾಡುತ್ತೆ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನೋದನ್ನ ಆಫ್ ಮಾಡಿ, ಇಲ್ಲಾಂದ್ರೆ ಆ ಕಡೆ ಫೈಲನ್ನ ಲಿನಕ್ಸಿಂದ ತಿದ್ದೋಕೆ ಬಿಡಲ್ಲ. ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗೋದು ಕಂಡ್ರೆ ಬ್ಯಾಟರಿ ಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಒಂದು ಸಿಸ್ಟಮ್ಮು ಮಷೀನಿನ ಗಡಿಯಾರವನ್ನ ನಮ್ಮೂರ ಟೈಮ್ ಅಂದ್ಕೊಳ್ಳುತ್ತೆ, ಇನ್ನೊಂದು ಗ್ರೀನ್‌ವಿಚ್ ಟೈಮ್ ಅಂದ್ಕೊಳ್ಳುತ್ತೆ, ಅದಕ್ಕೆ ಹಾಗೆ. ಲಿನಕ್ಸಿಗೆ ಲೋಕಲ್ ಟೈಮೇ ಬಳಸು ಅಂತ ಒಂದು ಸಾಲು ಹೇಳಿದ್ರೆ ಸರಿಹೋಗುತ್ತೆ. ವೋಚರ್ ತಾರೀಖು ಹಾಕೋ ಹುಡುಗಿಗೆ ಇದು ಮುಖ್ಯ.

ವಾರಂಟಿ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಸಿಸ್ಟಮ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಸ್ಕ್ರೀನು, ಕೀಬೋರ್ಡು, ಬೋರ್ಡಿನ ವಾರಂಟಿ ಹೋಗಲ್ಲ, ಬಾಕ್ಸಲ್ಲಿ ಬಂದ ಸಿಸ್ಟಮ್ಮಿಗೆ ಕೊಡೋ ಸಾಫ್ಟ್‌ವೇರ್ ಸಹಾಯ ಮಾತ್ರ ಹೋಗುತ್ತೆ. ರ‍್ಯಾಮ್ ಹಾಕ್ಸೋಕೆ ಕೆಳಗಿನ ಮುಚ್ಚಳ ತೆಗೀಬೇಕಲ್ಲ, ಅದಕ್ಕೆ ಮಾತ್ರ ವಾರಂಟಿ ಕಾರ್ಡ್ ಓದಿ ಅಥವಾ ಸರ್ವಿಸ್ ಸೆಂಟರಲ್ಲೇ ಹಾಕ್ಸಿ. ನಿಮ್ಮ ಸೀಲ್ ಒಡೆದಿದೆ ಅಂತ ಆಮೇಲೆ ವಾದ ಮಾಡೋದು ಬೇಡ.

ಇದಕ್ಕಿಂತ ಕಮ್ಮಿ ಬೆಲೆಗೆ ಆಂಡ್ರಾಯ್ಡ್ ಮೇಲೆ ಕಟ್ಟಿರೋ ಲ್ಯಾಪ್‌ಟಾಪ್‌ಗಳೂ ಬರ್ತಿವೆ, 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ಥರದ್ದು. ನಿಮ್ಮ ನೆಂಟರಿಷ್ಟರು ಯಾರಾದ್ರೂ ತಗೊಳ್ಳೋದಾದ್ರೆ ಒಂದು ಹೇಳಿಬಿಡಿ, ಅದರೊಳಗಿರೋದು ಫೋನಿನ ಜಾತಿ ಪ್ರೊಸೆಸರು, ಅಂಗಡೀಲಿ ಕೊಟ್ಟು ವಿಂಡೋಸ್ ಹಾಕ್ಸೋದು ಅಲ್ಲಿ ನಡೆಯಲ್ಲ. ನಿಮ್ಮದರಲ್ಲಿ ಆ ದಾರಿ ಇನ್ನೂ ತೆರೆದಿದೆ.

ನಿಮ್ಮ ಜಾಗದಲ್ಲಿ ನಾನಿದ್ರೆ ಹೀಗೆ ಮಾಡ್ತಿದ್ದೆ: ಈ ಭಾನುವಾರ 8 ಜಿಬಿದೊಂದು ಪೆನ್‌ಡ್ರೈವಲ್ಲಿ ಮಿಂಟ್ ಹಾಕ್ಕೊಂಡು ಅದರಿಂದಲೇ ಬೂಟ್ ಮಾಡಿ ವೈಫೈ ನೋಡ್ತಿದ್ದೆ, ಮೇಡಂ ಅವ್ರನ್ನ ಪಕ್ಕ ಕೂರಿಸ್ಕೊಂಡು ಒಂದು ಪ್ರಶ್ನೆಪತ್ರಿಕೆ ಟೈಪ್ ಮಾಡಿಸ್ತಿದ್ದೆ, ಮನೇಲಿ ಪ್ರಿಂಟರ್ ಇದ್ರೆ ಅದನ್ನೂ ಚುಚ್ಚಿ ಒಂದು ಹಾಳೆ ತೆಗೆದು ನೋಡ್ತಿದ್ದೆ, ಯಾಕಂದ್ರೆ ಕೆಲವು ಪ್ರಿಂಟರ್ ಚುಚ್ಚಿದ ತಕ್ಷಣ ನಡೆಯುತ್ತೆ, ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ದಿನಗಟ್ಟಲೆ ತಲೆ ತಿನ್ನುತ್ತೆ. ಪೆನ್‌ಡ್ರೈವಿಂದ ಬೂಟ್ ಮಾಡಿದ ಮೇಲೂ ವೈಫೈ ಕಟ್ ಆದ್ರೆ ಮೆನುವಲ್ಲಿ ಸಿಸ್ಟಮ್ ಇನ್‌ಫಾರ್ಮೇಶನ್ ಅಂತಿರುತ್ತೆ, ಅದರಲ್ಲಿ ನೆಟ್‌ವರ್ಕ್ ಅನ್ನೋ ಸಾಲಲ್ಲಿ ಚಿಪ್ಪಿನ ಹೆಸರು, ನಂಬರ್ ಇರುತ್ತೆ, ಅದರ ಫೋಟೋ ತೆಗೆದು ನನಗೆ ಕಳಿಸಿ, ಯಾವ ಡ್ರೈವರ್ ಅಂತ ನೋಡಿ ಹೇಳ್ತೀನಿ.